ಹಂಗಿಲ್ಲದ ದಾನ, ಲೆಕ್ಕವುಳ್ಳ ಸೇವೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ನಾಮಾವಳಿಯನ್ನು ಅಚ್ಚು ಹಾಕುವುದು ವಾಡಿಕೆ. ಗಂಟೆಯನ್ನು ಕೊಟ್ಟವರು, ಬಲಿಪೀಠವನ್ನು ಕಟ್ಟಿಸಿದವರು, ಸಂತರ ಸ್ವರೂಪಗಳನ್ನು ದೂರದೂರಿನಿಂದ ತರಿಸಿದವರು, ಹೀಗೆ ಉಪಕಾರ ಮಾಡಿದವರನ್ನೆಲ್ಲ ನೆನೆಯುವುದು ಕೃತಜ್ಞರಾದವರ ಧರ್ಮವೇ ಸರಿ. ಆದರೆ ಹಣವೆಂಬುದು ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುವಾಗ ಅದರ ಜೊತೆಯಲ್ಲಿ ಬೇರೊಂದು ವಸ್ತುವೂ ಕಾಣದಂತೆ ಸಾಗುತ್ತದೆ. ಒಮ್ಮೊಮ್ಮೆ ಅದು ನಂಬಿಕೆ. ಒಮ್ಮೊಮ್ಮೆ ಅದು ಅಧಿಕಾರ. ಈ ಎರಡನೆಯದಕ್ಕೆ ನಮ್ಮ ಹಿರಿಯರು 'ಹಂಗು' ಎಂಬ ಚಿಕ್ಕದಾದರೂ ಚುಚ್ಚುವಂಥ ಹೆಸರನ್ನಿಟ್ಟಿದ್ದಾರೆ. ಹಂಗಿನ ಅನ್ನ ಹೊಟ್ಟೆಯನ್ನು ತುಂಬಬಹುದು, ತಲೆಯನ್ನು ಮಾತ್ರ ತಗ್ಗಿಸುತ್ತದೆ.

ದಾನ ಕೊಡುವವರಿಗೂ ಆ ದಾನದಿಂದ ಸೇವೆ ನಡೆಸುವವರಿಗೂ ಇರಬೇಕಾದ ಸಂಬಂಧ ಎಂಥದು? ಕೊಟ್ಟವನು ಒಡೆಯನೇ? ಪಡೆದವನು ಆಳೇ? ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅಪನಂಬಿಕೆಯೇ? ಲೆಕ್ಕ ಕೊಡುವುದು ಅವಮಾನವೇ? ಇಂದು ದೊಡ್ಡ ದೊಡ್ಡ ದಾತೃಸಂಸ್ಥೆಗಳೂ ಅವುಗಳ ನೆರವಿನಿಂದ ನಡೆಯುವ ಸೇವಾಸಂಸ್ಥೆಗಳೂ ಈ ಪ್ರಶ್ನೆಗಳನ್ನು ಚರ್ಚಿಸುತ್ತಿವೆ. ಆದರೆ ಇವು ಹೊಸ ಪ್ರಶ್ನೆಗಳಲ್ಲ. ಧರ್ಮಸಭೆ ಹುಟ್ಟಿದಂದಿನಿಂದಲೂ ಇವು ಅದರೊಡನೆ ನಡೆದು ಬಂದಿವೆ. ಎರಡು ಸಾವಿರ ವರ್ಷಗಳ ಆ ದಾರಿಯನ್ನು ಸಂಕ್ಷೇಪವಾಗಿ ಅವಲೋಕಿಸುವುದೇ ಈ ಲೇಖನದ ಉದ್ದೇಶ.

ಪ್ರೇಷಿತರ ಕಾಲದ ಪಾಠ

ಚಕ್ರವರ್ತಿ ಕ್ಲಾವ್ದಿಯನ ಆಳ್ವಿಕೆಯಲ್ಲಿ, ಅಂದರೆ ಕ್ರಿ.ಶ. 41ರಿಂದ 54ರ ನಡುವಿನ ಅವಧಿಯಲ್ಲಿ, ಜುದೇಯ ಪ್ರಾಂತ್ಯವನ್ನು ಕ್ಷಾಮ ಬಾಧಿಸಿತು. ಅಂತಿಯೋಕ್ಯದ ಕ್ರೈಸ್ತರು ತಮ್ಮ ತಮ್ಮ ಶಕ್ತಿಗನುಸಾರವಾಗಿ ಹಣ ಕೂಡಿಸಿ, ಬಾರ್ನಬ ಮತ್ತು ಸೌಲರ ಕೈಯಲ್ಲಿ ಜುದೇಯದ ಸಹೋದರರಿಗೆ ಕಳುಹಿಸಿಕೊಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಊರಿನಿಂದ ಊರಿಗೆ, ಒಂದು ಧರ್ಮಸಭೆಯಿಂದ ಇನ್ನೊಂದು ಧರ್ಮಸಭೆಗೆ ಹೋದ ನೆರವುಗಳಲ್ಲಿ ನಮಗೆ ತಿಳಿದಿರುವ ಮೊದಲನೆಯದು ಇದೇ.

ಮುಂದೆ ಅದೇ ಸೌಲರು ಸಂತ ಪೌಲರಾಗಿ ಮಕೆದೋನಿಯ, ಅಖಾಯ, ಗಲಾತ್ಯ ಪ್ರಾಂತ್ಯಗಳ ಸಭೆಗಳಲ್ಲಿ ಜೆರುಸಲೇಮಿನ ಬಡವರಿಗಾಗಿ ಮತ್ತೊಂದು ಮಹಾಸಂಗ್ರಹವನ್ನು ಕೈಗೊಂಡರು. ಈ ಕಾರ್ಯಕ್ಕೆ ಅವರು ವರ್ಷಗಟ್ಟಲೆ ಶ್ರಮಿಸಿದರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಮತ್ತು ಒಂಬತ್ತನೆಯ ಅಧ್ಯಾಯಗಳು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಾಗಿವೆ. ದಾನದ ವಿಷಯದಲ್ಲಿ ಧರ್ಮಸಭೆಯ ಮೂಲ ಶಾಸನವೆಂದರೆ ಈ ಎರಡು ಅಧ್ಯಾಯಗಳೇ ಎನ್ನಬಹುದು. ಅಲ್ಲಿ ಕಾಣುವ ನಾಲ್ಕು ಅಂಶಗಳನ್ನು ನಾವು ಮನನ ಮಾಡತಕ್ಕದ್ದು.

ಮೊದಲನೆಯದು, ಸ್ವಾತಂತ್ರ್ಯ. ಪೌಲರು ಆಜ್ಞೆ ಮಾಡಲಿಲ್ಲ. ತಾವು ಆಜ್ಞಾಪಿಸುತ್ತಿಲ್ಲವೆಂದು ಸ್ಪಷ್ಟವಾಗಿಯೇ ಬರೆದರು. ಒಲ್ಲದ ಮನಸ್ಸಿನಿಂದ ಬಂದದ್ದು ದಂಡವಾದೀತೇ ಹೊರತು ದಾನವಾಗದು. ಎರಡನೆಯದು, ಸಮಾನತೆ. ಇತರರ ಭಾರವನ್ನು ಇಳಿಸಿ ನಿಮ್ಮ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ, ಇಂದು ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಿಸಲಿ, ನಾಳೆ ಅವರ ಸಮೃದ್ಧಿ ನಿಮ್ಮ ಕೊರತೆಯನ್ನು ನೀಗಿಸಲಿ ಎಂಬುದು ಅವರ ವಾದದ ತಿರುಳು. ಅರಣ್ಯದಲ್ಲಿ ಇಸ್ರಯೇಲರು ಮನ್ನಾ ಕೂಡಿಸಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ ಎಂಬ ಪ್ರಸಂಗವನ್ನು ಅವರು ಇದಕ್ಕಾಗಿಯೇ ನೆನಪಿಗೆ ತರುತ್ತಾರೆ.

ಮೂರನೆಯದು, ಲೆಕ್ಕ. ಪೌಲರಂಥ ಪ್ರೇಷಿತರು ಹಣವನ್ನು ತಾವೊಬ್ಬರೇ ಹೊತ್ತೊಯ್ಯಲು ಒಪ್ಪಲಿಲ್ಲ. ನೀವೇ ಆರಿಸಿದವರ ಕೈಯಲ್ಲಿ ಪತ್ರಸಹಿತ ಕಳುಹಿಸೋಣ ಎಂದು ಕೊರಿಂಥದವರಿಗೆ ಮೊದಲ ಪತ್ರದಲ್ಲಿಯೇ ತಿಳಿಸಿದರು. ತೀತನ ಜೊತೆಯಲ್ಲಿ ಸಭೆಗಳು ಆರಿಸಿದ ಸಹೋದರನೊಬ್ಬನನ್ನೂ ಕಳುಹಿಸಿದರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ಬೆರಳೆತ್ತಬಾರದು, ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ತಮ್ಮ ನಡತೆ ಗೌರವಯುತವಾಗಿರಬೇಕು ಎಂಬುದೇ ಇದಕ್ಕೆ ಅವರು ಕೊಟ್ಟ ಕಾರಣ. ಜೆರುಸಲೇಮಿನ ಕಡೆಗೆ ಅವರ ಕೊನೆಯ ಪ್ರಯಾಣದಲ್ಲಿ ಬೆರೋಯ, ಥೆಸಲೋನಿಕ, ದೆರ್ಬೆ, ಆಸ್ಯ ಪ್ರಾಂತ್ಯ ಮುಂತಾದೆಡೆಗಳ ಏಳು ಮಂದಿ ಜೊತೆಗಿದ್ದರು. ಇವರು ಆ ಕಾಣಿಕೆಯ ಪ್ರತಿನಿಧಿಗಳೆಂದು ಅನೇಕ ಬೈಬಲ್ ಪಂಡಿತರ ಅಭಿಪ್ರಾಯ. ಪೌಲರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂದೇಹವಿತ್ತೆಂದಲ್ಲ. ನಂಬಿಕೆಯನ್ನು ಕಾಪಾಡಲು ಲೆಕ್ಕವೇ ಬೇಲಿಯೆಂದು ಅವರು ತಿಳಿದಿದ್ದರು.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲರು, ಈ ನನ್ನ ಸೇವೆ ಜೆರುಸಲೇಮಿನ ದೇವಜನರಿಗೆ ಒಪ್ಪಿಗೆಯಾಗುವಂತೆ ಪ್ರಾರ್ಥಿಸಿರಿ ಎಂದು ಬೇಡಿಕೊಳ್ಳುತ್ತಾರೆ. ಕೊಡುವವನು, ಪಡೆಯುವವರು ಸ್ವೀಕರಿಸುವರೋ ಇಲ್ಲವೋ ಎಂದು ಕಳವಳಪಡುತ್ತಾನೆ! ಸ್ವೀಕರಿಸುವುದೂ ಒಂದು ಔದಾರ್ಯ, ನಿರಾಕರಿಸುವ ಹಕ್ಕು ಬಡವನಿಗೂ ಉಂಟು ಎಂಬ ಅರಿವಿಲ್ಲದವನಿಗೆ ಈ ಕಳವಳ ಬರಲಾರದು. ಅದೇ ಪತ್ರದಲ್ಲಿ ಅನ್ಯಜನರಿಂದ ಬಂದ ಸಭೆಗಳೇ ಜೆರುಸಲೇಮಿಗೆ ಋಣಿಗಳೆಂದೂ, ಅಲ್ಲಿಂದ ಆಧ್ಯಾತ್ಮಿಕ ವರಗಳನ್ನು ಪಡೆದವರು ಐಹಿಕ ವಸ್ತುಗಳಿಂದ ಸೇವೆ ಸಲ್ಲಿಸುವುದು ಸಹಜವೆಂದೂ ಹೇಳುತ್ತಾರೆ. ಇಲ್ಲಿ ಕೊಟ್ಟವರೂ ಪಡೆದವರೇ.

ಪೋಷಕರು ಒಡೆಯರಾದ ಬಗೆ

ಈ ಆದರ್ಶ ಸದಾಕಾಲ ಉಳಿಯಲಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ನಮ್ಮ ದೇಶದ ಕಥೋಲಿಕ ಇತಿಹಾಸದಲ್ಲಿಯೇ ಅದಕ್ಕೆ ದೊಡ್ಡ ನಿದರ್ಶನವಿದೆ. ಅದು ಪದ್ರುವಾದೊ ಎಂಬ ಪೋರ್ಚುಗೀಸ್ ರಾಜಪೋಷಣೆಯ ವ್ಯವಸ್ಥೆ. ಹದಿನೈದನೆಯ ಶತಮಾನದ ಮಧ್ಯಭಾಗದಿಂದ ಜಗದ್ಗುರುಗಳು ಪೋರ್ಚುಗಲ್ಲಿನ ಅರಸರಿಗೆ ಕಡಲಾಚೆಯ ನಾಡುಗಳಲ್ಲಿ ಧರ್ಮಸಭೆಯನ್ನು ಪೋಷಿಸುವ ಹೊಣೆಯನ್ನು ವಹಿಸಿದರು. ದೇವಾಲಯಗಳನ್ನು ಕಟ್ಟಿಸುವುದು, ಗುರುಗಳನ್ನು ಕಳುಹಿಸುವುದು, ಅವರ ಜೀವನಕ್ಕೆ ವೆಚ್ಚ ಕೊಡುವುದು ಅರಸರ ಪಾಲಿನ ಕರ್ತವ್ಯ. ಅದಕ್ಕೆ ಪ್ರತಿಯಾಗಿ ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕು ಅರಸರದಾಯಿತು. 1534ರಲ್ಲಿ ಗೋವಾ ಧರ್ಮಕ್ಷೇತ್ರ ಸ್ಥಾಪಿತವಾದದ್ದು ಈ ವ್ಯವಸ್ಥೆಯ ಅಡಿಯಲ್ಲಿಯೇ. ಅದರಿಂದ ಆದ ಉಪಕಾರ ಅಲ್ಪವೇನೂ ಅಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರಲ್ಲಿ ಗೋವೆಯನ್ನು ತಲುಪಿದ್ದೂ ಆ ಅರಸರ ಹಡಗಿನಲ್ಲಿಯೇ.

ಆದರೆ ಕಾಲ ಸಂದಂತೆ ಪೋರ್ಚುಗಲ್ಲಿನ ಶಕ್ತಿ ಕುಂದಿತು. ಹಣ ಕೊಡುವ ಸಾಮರ್ಥ್ಯ ಕಡಿಮೆಯಾಯಿತು. ಹಕ್ಕು ಮಾತ್ರ ಹಾಗೆಯೇ ಉಳಿಯಿತು. 1622ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ವಿಶ್ವಾಸಪ್ರಸಾರದ ಪವಿತ್ರ ಮಂಡಳಿಯನ್ನು ರೋಮಿನಲ್ಲಿ ಸ್ಥಾಪಿಸಿದರು. ಅದು 1637ರಲ್ಲಿ ಗೋವೆಯವರೇ ಆದ ಮತೆಯುಸ್ ದೆ ಕಾಸ್ತ್ರೊ ಎಂಬ ಭಾರತೀಯ ಗುರುವನ್ನು ಧರ್ಮಾಧ್ಯಕ್ಷ ಪದವಿಗೇರಿಸಿ ಕಳುಹಿಸಿದಾಗ ಗೋವೆಯ ಅಧಿಕಾರಿಗಳು ಅವರನ್ನು ಮಾನ್ಯ ಮಾಡಲಿಲ್ಲ. ಈ ನಾಡಿನ ಮಗನೊಬ್ಬನನ್ನು ಈ ನಾಡಿನಲ್ಲಿಯೇ ಧರ್ಮಾಧ್ಯಕ್ಷನೆಂದು ಒಪ್ಪಲು ಪೋಷಕರ ಹಕ್ಕು ಅಡ್ಡ ಬಂದಿತು. ಮುಂದೆ ಒಂದೇ ಊರಿನಲ್ಲಿ ಎರಡು ಅಧಿಕಾರಗಳು, ಒಂದೇ ಬೀದಿಯ ಕ್ರೈಸ್ತರಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡು, ಶತಮಾನಗಳ ಕಲಹಕ್ಕೆ ದಾರಿಯಾಯಿತು. ಮಂಗಳೂರಿನ ಕ್ರೈಸ್ತರೂ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಒಡಕಿನ ನೋವನ್ನು ಉಂಡವರೇ. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಭಾರತದಲ್ಲಿ ಧರ್ಮಾಧ್ಯಕ್ಷರ ಶ್ರೇಣಿಯನ್ನು ಸ್ಥಾಪಿಸಿದ ಮೇಲೂ ತೊಡಕು ಪೂರ್ಣವಾಗಿ ಹರಿಯಲಿಲ್ಲ. 1928ರ ಒಪ್ಪಂದದಿಂದ ಇಬ್ಬಗೆಯ ಅಧಿಕಾರ ನಿಂತಿತು. 1950ರಲ್ಲಿ ಸ್ವತಂತ್ರ ಭಾರತದ ಧರ್ಮಕ್ಷೇತ್ರಗಳ ಮೇಲಿನ ಪೋಷಣಾಧಿಕಾರವನ್ನು ಪೋರ್ಚುಗಲ್ ಬಿಟ್ಟುಕೊಟ್ಟಿತು.

ಹಣದೊಡನೆ ಒಡೆತನವನ್ನು ಕಟ್ಟಿದರೆ ಹಣ ತೀರಿದ ಮೇಲೂ ಒಡೆತನ ತೀರುವುದಿಲ್ಲ ಎಂಬುದೇ ಈ ದೀರ್ಘ ಕಥೆಯ ನೀತಿ.

ಲಿಯೋನ್ ನಗರದ ಬಿಡಿಗಾಸು

ಇದಕ್ಕೆ ಉತ್ತರವೆಂಬಂತೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸ್ ದೇಶದಲ್ಲಿ ಬೇರೊಂದು ಬಗೆಯ ದಾನ ಉದಯಿಸಿತು. ಲಿಯೋನ್ ನಗರದ ರೇಷ್ಮೆ ವ್ಯಾಪಾರಿಯ ಮಗಳಾದ ಪೌಲಿನ್ ಜಾರಿಕೊ ಎಂಬ ಯುವತಿ, 1799ರಲ್ಲಿ ಹುಟ್ಟಿದವಳು, ರೇಷ್ಮೆ ಕಾರ್ಖಾನೆಗಳ ಕೆಲಸದ ಹೆಣ್ಣುಮಕ್ಕಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಕೂಡಿಸಿದಳು. ಪ್ರತಿಯೊಬ್ಬರೂ ದಿನವೂ ಒಂದು ಪ್ರಾರ್ಥನೆ ಮಾಡುವುದು, ವಾರಕ್ಕೆ ಒಂದು ಸೂ, ಅಂದರೆ ಅತ್ಯಲ್ಪ ಬೆಲೆಯ ಒಂದು ಬಿಡಿಗಾಸನ್ನು ಕೊಡುವುದು. ಹತ್ತು ಜನರಿಗೊಬ್ಬರು, ನೂರು ಜನರಿಗೊಬ್ಬರು, ಸಾವಿರಕ್ಕೊಬ್ಬರು ಸಂಗ್ರಾಹಕರು. ಇದರಿಂದಲೇ 1822ರ ಮೇ 3ರಂದು ವಿಶ್ವಾಸಪ್ರಸಾರದ ಸಂಘ ಸ್ಥಾಪಿತವಾಯಿತು. ಅರಸನ ಬೊಕ್ಕಸದ ಸ್ಥಾನದಲ್ಲಿ ಕೂಲಿಯವಳ ಕಾಸು ಬಂದು ನಿಂತಿತು.

ಈ ಸಂಘದ ಆರಂಭದಲ್ಲಿಯೇ ಒಂದು ಮಹತ್ವದ ತೀರ್ಮಾನವಾಯಿತು. ಅಮೆರಿಕದ ಲೂಯಿಸಿಯಾನದ ಧರ್ಮಾಧ್ಯಕ್ಷರ ಕಡೆಯವರು ತಮ್ಮೊಂದು ಧರ್ಮಕ್ಷೇತ್ರಕ್ಕಾಗಿ ನೆರವನ್ನು ಬಯಸಿ ಬಂದಿದ್ದರು. ಲಿಯೋನಿನವರಾದರೋ ಯಾವೊಂದು ನಾಡಿಗೂ ಮೀಸಲಾಗದೆ ಲೋಕದ ಎಲ್ಲ ಮಿಷನ್‌ಗಳಿಗೂ ಈ ಹಣ ಸಲ್ಲಬೇಕೆಂದು ನಿಶ್ಚಯಿಸಿದರು. ಮೊದಲನೆಯ ವರ್ಷದ ಸಂಗ್ರಹ ಪೂರ್ವದೇಶಗಳ ಮಿಷನ್‌ಗಳಿಗೂ, ಅಮೆರಿಕದ ಲೂಯಿಸಿಯಾನ ಹಾಗೂ ಕೆಂಟಕಿಗೂ ಹಂಚಿಕೆಯಾಯಿತು. ಯಾವ ದಾನಿಯ ಕಾಸು ಯಾವ ಊರಿಗೆ ಹೋಯಿತೆಂದು ತಿಳಿಯದ ಕಾರಣ, ಯಾವ ಊರೂ ಯಾವ ದಾನಿಯ ಹಂಗಿಗೂ ಒಳಗಾಗಲಿಲ್ಲ. ಆದರೂ ಲೆಕ್ಕ ತಪ್ಪಲಿಲ್ಲ: ಸಂಘ ಪ್ರಕಟಿಸಿದ ವಾರ್ತಾಪತ್ರಿಕೆಯಲ್ಲಿ ಹಣದ ಹಂಚಿಕೆಯ ವಿವರವೂ ದೂರದೇಶಗಳ ಗುರುಗಳ ಪತ್ರಗಳೂ ಅಚ್ಚಾಗಿ ಆ ಹತ್ತು ಹತ್ತು ಮಂದಿಯ ಗುಂಪುಗಳನ್ನು ತಲುಪುತ್ತಿದ್ದವು.

ಈ ಪತ್ರಗಳಿಗೆ ಇನ್ನೊಂದು ಮುಖವೂ ಇತ್ತೆಂಬುದನ್ನು ಹೇಳದಿರಲಾಗದು. ಓದುಗರ ಮನ ಕರಗಿಸುವ ಆತುರದಲ್ಲಿ ಬಡವರ ದೈನ್ಯವನ್ನೂ ಪರದೇಶದವರ ಅಜ್ಞಾನವನ್ನೂ ಅತಿಯಾಗಿ ಬಣ್ಣಿಸುವ ಪ್ರವೃತ್ತಿ ಆ ಕಾಲದ ಮಿಷನ್ ಬರವಣಿಗೆಯಲ್ಲಿ ಬೆಳೆಯಿತು. ಕಣ್ಣೀರಿಗೆ ಕಾಸು ಬರುವುದಾದರೆ ಕಣ್ಣೀರನ್ನೇ ಬೆಳೆಯುವವರು ಹುಟ್ಟುತ್ತಾರೆ. ಬಡವನ ಚಿತ್ರವನ್ನು ತೋರಿಸಿ ಹಣ ಕೇಳುವ ಇಂದಿನ ಪದ್ಧತಿಗೂ ಇದೇ ದೋಷ ಅಂಟಿಕೊಂಡಿದೆ. ಪಡೆಯುವವನು ನೆರವಿಗೆ ಬೆಲೆಯಾಗಿ ತನ್ನ ಮಾನವನ್ನೇ ತೆರಬೇಕಾದಲ್ಲಿ ಸಮಾನತೆಯೆಲ್ಲಿ?

ಪೌಲಿನ್ ಜಾರಿಕೊ ಅವರ ಕೊನೆಗಾಲ ಕರುಣಾಜನಕವಾದುದು. ಕಾರ್ಮಿಕರಿಗಾಗಿ ಒಂದು ಆದರ್ಶ ಕಾರ್ಖಾನೆಯನ್ನು ನಡೆಸಲು ಹೊರಟು, ನಂಬಿದವರಿಂದ ವಂಚಿತರಾಗಿ, ಸಾಲದಲ್ಲಿ ಮುಳುಗಿ, 1862ರ ಜನವರಿ 9ರಂದು ಕಡುಬಡತನದಲ್ಲಿ ಕಣ್ಣು ಮುಚ್ಚಿದರು. ಲೋಕದ ಮಿಷನ್‌ಗಳಿಗೆಲ್ಲ ಕೊಡಲು ಕಲಿಸಿದ ಕೈ ಕೊನೆಗೆ ಬೇಡುವ ಕೈಯಾಯಿತು. ಅವರ ಸಂಘವನ್ನು 1922ರಲ್ಲಿ ಹನ್ನೊಂದನೆಯ ಭಕ್ತಿನಾಥರು, ಅಂದರೆ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು, ಜಗದ್ಗುರು ಪೀಠದ ಸಂಘವನ್ನಾಗಿ ಮಾಡಿದರು. 1926ರಿಂದ ಮಿಷನ್ ಭಾನುವಾರದ ಆಚರಣೆ ಬಂದಿತು. ಪೌಲಿನ್‌ರವರನ್ನು ಧನ್ಯರೆಂದು 2022ರ ಮೇ 22ರಂದು ಲಿಯೋನಿನಲ್ಲಿ ಘೋಷಿಸಲಾಯಿತು. ಪ್ರತಿವರ್ಷ ಅಕ್ಟೋಬರಿನಲ್ಲಿ ಮಿಷನ್ ಭಾನುವಾರದಂದು ನಾವು ಕಾಣಿಕೆ ತಟ್ಟೆಗೆ ಹಾಕುವ ಹಣದ ಹಿಂದೆ ಈ ತಾಯಿಯ ನೆನಪಿದೆ.

ಬಾಗಿಲು ತಟ್ಟಿದ ವಿದ್ಯಾರ್ಥಿಗಳು

ದೂರದವರಿಗೆ ಕೊಡುವುದು ಒಂದು ಬಗೆಯಾದರೆ ಪಕ್ಕದ ಬೀದಿಯವರಿಗೆ ಕೊಡುವುದು ಇನ್ನೊಂದು. ಈ ಎರಡನೆಯದು ಹೆಚ್ಚು ಕಷ್ಟ. ಏಕೆಂದರೆ ಅಲ್ಲಿ ಮುಖಕ್ಕೆ ಮುಖ ಕೊಡಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಇದನ್ನೇ ತನ್ನ ವ್ರತವನ್ನಾಗಿ ಮಾಡಿಕೊಂಡಿತು. ಬಡವರ ಬೀದಿಗಳನ್ನು ಅಂಗೈಯಂತೆ ಬಲ್ಲ ರೊಸಾಲಿ ರೆಂದು ಎಂಬ ಕನ್ಯಾಸ್ತ್ರೀ ಆ ವಿದ್ಯಾರ್ಥಿಗಳಿಗೆ ದಾರಿ ತೋರಿಸಿದರು. ಹಣವನ್ನು ಕಚೇರಿಯಲ್ಲಿ ಕುಳಿತು ಹಂಚಬಾರದು, ಬಡವನ ಮನೆಗೇ ಹೋಗಬೇಕು, ಅವನ ಕುರ್ಚಿಯಲ್ಲಿ ಕುಳಿತು ಅವನ ಮಾತನ್ನು ಕೇಳಬೇಕು ಎಂಬುದು ಸಭೆಯ ನಿಯಮ.

1848ರಲ್ಲಿ, ಕ್ರಾಂತಿಯ ಗದ್ದಲದ ನಡುವೆ, ಓಝನಾಮ್ ಒಂದು ಲೇಖನ ಬರೆದರು. ಕುಗ್ಗಿಸುವ ನೆರವು ಬೇರೆ, ಗೌರವಿಸುವ ನೆರವು ಬೇರೆ ಎಂಬುದು ಅದರ ವಿಷಯ. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುವ ನೆರವು ಪಡೆಯುವವನನ್ನು ಕುಗ್ಗಿಸುತ್ತದೆ. ಬಡವನಿಂದಲೂ ತಾನು ಏನನ್ನೋ ಪಡೆಯುತ್ತಿದ್ದೇನೆಂದು ಕೊಡುವವನು ಅರಿತಾಗ ಅದೇ ನೆರವು ಗೌರವದ ವಿನಿಮಯವಾಗುತ್ತದೆ ಎಂಬುದು ಅವರ ವಿಚಾರಧಾರೆ. ಸಂತ ಪೌಲರು ಕೊರಿಂಥದವರಿಗೆ ತಿಳಿಸಿದ ಸಮಾನತೆಯನ್ನೇ ಓಝನಾಮ್ ಪ್ಯಾರಿಸಿನ ಗಲ್ಲಿಗಳಲ್ಲಿ ಮರಳಿ ಕಂಡುಕೊಂಡರು. 1997ರಲ್ಲಿ ಓಝನಾಮ್‌ರವರನ್ನೂ 2003ರಲ್ಲಿ ರೊಸಾಲಿಯವರನ್ನೂ ಧರ್ಮಸಭೆ ಧನ್ಯರೆಂದು ಸಾರಿತು. ವಾರವಾರವೂ ಇಬ್ಬಿಬ್ಬರಾಗಿ ಬಡವರ ಮನೆಗಳಿಗೆ ತೆರಳುವ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ನಮ್ಮ ನಾಡಿನ ಧರ್ಮಕೇಂದ್ರಗಳಿಗೆ ಚಿರಪರಿಚಿತರು. ಅವರು ಹಿಡಿದು ಹೋಗುವ ಅಕ್ಕಿಯ ಚೀಲಕ್ಕಿಂತ ಬಾಗಿಲಲ್ಲಿ ಅವರು ವಿಚಾರಿಸುವ ಕ್ಷೇಮಸಮಾಚಾರ ದೊಡ್ಡದು.

ನಮ್ಮ ನಾಡಿನಲ್ಲಿ

ಲಿಯೋನಿನ ಬಿಡಿಗಾಸಿಗೂ ನಮ್ಮ ಕನ್ನಡ ನಾಡಿಗೂ ನೇರವಾದ ನಂಟಿದೆ. 1773ರಲ್ಲಿ ಯೇಸುಸಭೆ ರದ್ದಾದ ಬಳಿಕ, ಅವರು ನಡೆಸುತ್ತಿದ್ದ ಕರ್ನಾಟಕ್ ಮಿಷನ್ನಿನ ಹೊಣೆ 1776ರಲ್ಲಿ ಪ್ಯಾರಿಸಿನ ವಿದೇಶ ಮಿಷನ್ ಸಂಘದ ಗುರುಗಳಿಗೆ ಬಂದಿತು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾದಾಗ ಮಹಾಸ್ವಾಮಿ ಶಾರ್ಬನೊರವರು ಅದರ ಧರ್ಮಾಧ್ಯಕ್ಷರಾಗಿದ್ದರು. ಈ ಸಂಘದ ಮಿಷನ್‌ಗಳಿಗೆ ಲಿಯೋನಿನ ಸಂಗ್ರಹದಿಂದ ನೆರವು ಬರುತ್ತಿತ್ತು. 1854ರಲ್ಲಿ ಫ್ರಾನ್ಸಿನ ಆಂಜೆಯಿಂದ ಒಳ್ಳೆಯ ಕುರುಬ ಮಠದ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು. 1886ರಲ್ಲಿ ಅವರ ಸಂತ ಮಾರ್ತಾ ಆಸ್ಪತ್ರೆ ಆರಂಭವಾಯಿತು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ತತ್ತರಿಸಿದಾಗ ಗುರುಗಳು ಅನಾಥ ಮಕ್ಕಳಿಗೆ ಅನ್ನವಿಕ್ಕಿದ್ದಲ್ಲದೆ, ಅವರನ್ನು ನೆಲೆಗೊಳಿಸಲು ವ್ಯವಸಾಯದ ಊರುಗಳನ್ನು ಕಟ್ಟಿದರು. ನೆಲಮಂಗಲದ ಕಡೆಯ ಶಿಲುವೆಪುರ ಅಂಥ ಊರುಗಳಲ್ಲೊಂದು. ಗಂಜಿ ಕೊಟ್ಟು ನಿಲ್ಲಿಸದೆ ನೇಗಿಲನ್ನು ಕೊಟ್ಟದ್ದು ಇಲ್ಲಿಯ ವಿಶೇಷ. ಗಂಜಿ ಪಡೆದವನು ನಾಳೆಯೂ ಗಂಜಿಗೆ ಬರಬೇಕು. ಭೂಮಿ ಉತ್ತವನು ನಾಳೆ ತಾನೇ ನಾಲ್ಕು ಜನಕ್ಕೆ ಇಕ್ಕಬಲ್ಲನು.

ಕರಾವಳಿಯಲ್ಲಿ ಇದೇ ತತ್ವ ಇನ್ನೊಂದು ರೂಪದಲ್ಲಿ ಕಾಣಿಸಿತು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಕಂಕನಾಡಿಯಲ್ಲಿ ಅವರು ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ಬಂದಿತು. ಔಷಧಗಳನ್ನು ಸಿದ್ಧಪಡಿಸಿ ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಮಾರಿ, ಆ ಆದಾಯದಿಂದ ಬಡರೋಗಿಗಳ ಸೇವೆಯನ್ನು ನಡೆಸಿದ್ದು ಅವರ ದೂರದೃಷ್ಟಿ. ಸ್ವಂತ ದುಡಿಮೆಯುಳ್ಳ ಸೇವಾಸಂಸ್ಥೆ ದಾನಿಗಳನ್ನು ತಲೆಯೆತ್ತಿ ಮಾತನಾಡಿಸಬಲ್ಲುದು. 1910ರಲ್ಲಿ ಅವರು ತೀರಿಕೊಂಡರೂ ಅವರ ಹೆಸರಿನ ಸಂಸ್ಥೆ ಇಂದಿಗೂ ಬೆಳೆಯುತ್ತಲಿದೆ. ಅದೇ ಕಾಲದಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಬೆಟ್ಟದ ಮೇಲಿನ ಜಾಗವನ್ನು ದಾನ ಮಾಡಿದ ಲಾರೆನ್ಸ್ ಲೋಬೊ ಪ್ರಭುಗಳು ಈ ಮಣ್ಣಿನವರೇ. ಮೈಸೂರಿನಲ್ಲಿ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಶಂಕುಸ್ಥಾಪನೆ ಮಾಡಿದವರು ಹಿಂದೂ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಪೋರ್ಚುಗಲ್ಲಿನ ಅರಸರು ಸ್ವಧರ್ಮೀಯರಾಗಿದ್ದೂ ಪೋಷಣೆಗೆ ಒಡೆತನವನ್ನು ಬೆರೆಸಿದರು. ನಮ್ಮ ಮಹಾರಾಜರು ಅನ್ಯಧರ್ಮೀಯರಾಗಿದ್ದೂ ಬೆಂಬಲಕ್ಕೆ ಗೌರವವನ್ನು ಬೆರೆಸಿದರು.

ಪಡೆದವರೇ ಕೊಟ್ಟವರಾದಾಗ

ಇಪ್ಪತ್ತನೆಯ ಶತಮಾನದಲ್ಲಿ ಸಂತ ಪೌಲರ ಮಾತು ಅಕ್ಷರಶಃ ನಡೆದು ಬಂದಿತು. 1822ರಲ್ಲಿ ಲಿಯೋನಿನ ಕಾಸಿಗೆ ಕೈಯೊಡ್ಡಿದ್ದ ಅಮೆರಿಕದ ಕಥೋಲಿಕರು 1943ರಲ್ಲಿ, ಮಹಾಯುದ್ಧದ ನಡುವೆ, ಪರಿಹಾರ ಸಂಸ್ಥೆಯೊಂದನ್ನು ಕಟ್ಟಿ ಯುರೋಪಿಗೆ ಅನ್ನ ವಸ್ತ್ರಗಳನ್ನು ಕಳುಹಿಸಿದರು. ಮುಂದೆ ಕಥೋಲಿಕ ಪರಿಹಾರ ಸೇವೆಯೆಂದು ಹೆಸರಾದ ಆ ಸಂಸ್ಥೆಯ ಮೂಲಕವೇ ನಮ್ಮ ದೇಶದ ಹಳ್ಳಿಹಳ್ಳಿಗೆ ಗೋಧಿ, ಹಾಲಿನ ಪುಡಿ, ಎಣ್ಣೆ ಬಂದದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಯುದ್ಧದಲ್ಲಿ ಸೋತ ಜರ್ಮನಿ ಆಗ ಪಡೆಯುವ ನಾಡು. 1946ರ ಕೊನೆಯ ದಿನ, ಕಡುಚಳಿಯಲ್ಲಿ, ಕಲೋನಿನ ಕಾರ್ಡಿನಲ್ ಫ್ರಿಂಗ್ಸ್‌ರವರು ತಮ್ಮ ಪ್ರಬೋಧನೆಯಲ್ಲಿ, ಪ್ರಾಣ ಉಳಿಸಿಕೊಳ್ಳಲು ಅತ್ಯಗತ್ಯವಾದುದನ್ನು ಬೇರೆ ದಾರಿಯಿಲ್ಲದೆ ತೆಗೆದುಕೊಂಡವನು ಕ್ಷಮಾರ್ಹನೆಂಬ ಅರ್ಥದ ಮಾತನ್ನಾಡಿದರು. ಕಲ್ಲಿದ್ದಲು ಕದ್ದು ಒಲೆ ಹಚ್ಚುವುದಕ್ಕೆ ಜನ ಅವರ ಹೆಸರನ್ನೇ ಕ್ರಿಯಾಪದವಾಗಿ ಬಳಸತೊಡಗಿದರಂತೆ. ಹಸಿವೆಂದರೇನೆಂದು ಬಲ್ಲ ಅದೇ ಕಾರ್ಡಿನಲ್‌ರವರು 1958ರ ಆಗಸ್ಟಿನಲ್ಲಿ ಫುಲ್ಡಾ ಪಟ್ಟಣದಲ್ಲಿ ಸೇರಿದ ಜರ್ಮನ್ ಧರ್ಮಾಧ್ಯಕ್ಷರ ಮುಂದೆ, ಲೋಕದ ಹಸಿವು ಮತ್ತು ರೋಗಗಳ ವಿರುದ್ಧ ತಪಸ್ಸುಕಾಲದ ತ್ಯಾಗದ ಸಂಗ್ರಹವೊಂದನ್ನು ಸೂಚಿಸಿದರು. ಹೀಗೆ ಹುಟ್ಟಿದ್ದು ಮಿಸೆರಿಯೋರ್. ನೆರವಿಗೆ ಜಾತಿ ಮತಗಳ ಭೇದವಿರಬಾರದು, ಅದು ಮತಪ್ರಚಾರದ ಸಾಧನವಾಗಬಾರದು, ಬಡವರು ತಮ್ಮ ಕಾಲ ಮೇಲೆ ನಿಲ್ಲಲು ಅದು ಊರುಗೋಲಾಗಬೇಕು ಎಂಬುವು ಅದರ ಮೂಲ ನಿಯಮಗಳು. ನಮ್ಮ ದೇಶದ ಧರ್ಮಾಧ್ಯಕ್ಷರು 1962ರಲ್ಲಿ ಕಾರಿತಾಸ್ ಇಂಡಿಯಾವನ್ನು ಸ್ಥಾಪಿಸಿದರು.

1967ರ ಮಾರ್ಚ್ 26ರಂದು ಜಗದ್ಗುರು ಆರನೆಯ ಪೌಲರು ಜನಾಂಗಗಳ ಅಭಿವೃದ್ಧಿಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಭಾಗವೊಂದಿದೆ. ಕೊಡುವವರೂ ಪಡೆಯುವವರೂ ಎದುರುಬದುರು ಕುಳಿತು ಮಾತನಾಡಬೇಕು. ಹಣ ಸದ್ವಿನಿಯೋಗವಾಗುವುದೆಂಬ ಭರವಸೆಯನ್ನು ಕೇಳುವುದು ಕೊಡುವವರ ಹಕ್ಕು. ತಮ್ಮ ಒಳವ್ಯವಹಾರಗಳಲ್ಲಿ ಕೈಹಾಕಬಾರದೆಂದು ಕೇಳುವುದು ಪಡೆಯುವವರ ಹಕ್ಕು. ಜಗದ್ಗುರುಗಳು ರಾಷ್ಟ್ರಗಳನ್ನು ಕುರಿತು ಹೇಳಿದ ಈ ಮಾತು ಸಂಸ್ಥೆಗಳಿಗೂ, ಒಂದು ಧರ್ಮಕೇಂದ್ರಕ್ಕೂ, ಒಂದು ಮನೆಗೂ ಅನ್ವಯಿಸುತ್ತದೆ.

ಯೋಜನೆಗಳ ಯುಗ

ಅಲ್ಲಿಂದೀಚೆಗೆ ಯೋಜನೆಗಳ ಯುಗ ಬಂದಿತು. ದಾತೃಸಂಸ್ಥೆಗಳು ಅರ್ಜಿಯ ನಮೂನೆ, ಅಂದಾಜು ಪಟ್ಟಿ, ವರದಿ, ಲೆಕ್ಕ ತಪಾಸಣೆಗಳನ್ನು ಕೇಳತೊಡಗಿದವು. ಇದರಲ್ಲಿ ತಪ್ಪೇನೂ ಇಲ್ಲ. ಸಂತ ಪೌಲರೂ ಪತ್ರಸಹಿತವೇ ಹಣ ಕಳುಹಿಸಿದರು. ಆದರೆ ದಾನಿಯ ಮನಸ್ಸಿಗೆ ಒಪ್ಪುವ ಯೋಜನೆಯೇ ಊರಿಗೆ ಬೇಕಾದ ಯೋಜನೆಯಾಗಿರುವುದಿಲ್ಲ. ಊರಿಗೆ ಬಾವಿ ಬೇಕಾಗಿರುವಾಗ ಈ ವರ್ಷ ದಾನಿ ಕೊಡುವುದು ಹೊಲಿಗೆ ಯಂತ್ರವಾದರೆ, ಸೇವಾಸಂಸ್ಥೆ ಬಾವಿಯನ್ನು ಮರೆತು ಹೊಲಿಗೆ ಯಂತ್ರಕ್ಕೇ ಅರ್ಜಿ ಬರೆಯುತ್ತದೆ. ಕಟ್ಟಡಕ್ಕೆ ಹಣ ಕೊಡುವವರು ಅದರೊಳಗೆ ಪಾಠ ಹೇಳುವ ಉಪಾಧ್ಯಾಯಿನಿಯ ಸಂಬಳಕ್ಕೆ ಕೊಡಲು ಹಿಂಜರಿಯುತ್ತಾರೆ. ಕಟ್ಟಡಕ್ಕೆ ಶಿಲಾಫಲಕ ಹಾಕಬಹುದು, ಸಂಬಳಕ್ಕೆ ಹಾಕಲಾಗದು. ಇತ್ತ ಸೇವಾಸಂಸ್ಥೆಗಳೂ ನಿರ್ದೋಷಿಗಳಲ್ಲ. ವಿಫಲವಾದುದನ್ನು ಮುಚ್ಚಿಟ್ಟು ಸಫಲವಾದುದನ್ನು ಮಾತ್ರ ಬರೆದರೆ, ವರದಿ ಅಂದವಾಗಿ ಕಾಣುತ್ತದೆ, ನಂಬಿಕೆ ಒಳಗೊಳಗೇ ಟೊಳ್ಳಾಗುತ್ತದೆ.

ಸರ್ಕಾರದ ಶಾಸನಗಳೂ ಈ ಸಂಬಂಧವನ್ನು ತಿದ್ದಿವೆ. ವಿದೇಶೀ ವಂತಿಗೆಯನ್ನು ನಿಯಂತ್ರಿಸುವ ಕಾಯಿದೆ 1976ರಲ್ಲಿ ಬಂದಿತು; 2010ರಲ್ಲಿ ಹೊಸ ಕಾಯಿದೆ ಅದರ ಸ್ಥಾನವನ್ನು ಪಡೆಯಿತು. 2020ರ ತಿದ್ದುಪಡಿಯಂತೆ ವಿದೇಶದ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ ಇಪ್ಪತ್ತನ್ನು ಮೀರಬಾರದು, ಒಂದು ಸಂಸ್ಥೆ ಪಡೆದ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯೊಂದು ಹಣ ಪಡೆದು ಹಳ್ಳಿಯ ಚಿಕ್ಕ ಸಂಘಗಳಿಗೆ ಹಂಚುತ್ತಿದ್ದ ಪದ್ಧತಿಗೆ ಇದರಿಂದ ತಡೆ ಬಿದ್ದಿತು. ಇನ್ನೊಂದೆಡೆ 2013ರ ಕಂಪನಿ ಕಾಯಿದೆ, ನಿಗದಿಯಾದ ಮಟ್ಟವನ್ನು ಮುಟ್ಟಿದ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು 'ಸಾಮಾಜಿಕ ಹೊಣೆ'ಗಾಗಿ ವೆಚ್ಚ ಮಾಡಬೇಕೆಂದು ವಿಧಿಸಿತು. ದೂರದ ದಾನಿಯ ಸ್ಥಾನಕ್ಕೆ ಹತ್ತಿರದ ದಾನಿ ಬಂದಿದ್ದಾನೆ. ಹಂಗಿನ ಪ್ರಶ್ನೆ ಮಾತ್ರ ಎಲ್ಲಿತ್ತೋ ಅಲ್ಲಿಯೇ ಇದೆ.

ನಮ್ಮ ಮುಂದಿರುವ ಕರ್ತವ್ಯ

ಕ್ರಿಸ್ತರಲ್ಲಿ ಪ್ರಿಯರಾದ ಧರ್ಮಬಂಧುಗಳೇ, ಈ ಇತಿಹಾಸವೆಲ್ಲ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಾವು ಲಕ್ಷಗಳನ್ನು ಕೊಡುವ ದಾತೃಸಂಸ್ಥೆಯೂ ಅಲ್ಲ, ಪಡೆಯುವ ಸೇವಾಸಂಸ್ಥೆಯೂ ಅಲ್ಲವೆಂದು ತೋರಬಹುದು. ಆದರೆ ಪ್ರತಿಯೊಂದು ಧರ್ಮಕೇಂದ್ರವೂ ಪ್ರತಿ ಭಾನುವಾರ ಈ ಎರಡೂ ಆಗಿರುತ್ತದೆ. ಕಾಣಿಕೆ ತಟ್ಟೆ ನಮ್ಮ ಮುಂದೆ ಬಂದಾಗ ನಾವು ಕೊಡುವವರು. ಆ ಹಣದಿಂದ ಬಡ ಹುಡುಗನೊಬ್ಬನ ಶಾಲಾ ಶುಲ್ಕ ಸಂದಾಗ, ವಿಧವೆಯೊಬ್ಬಳ ಮನೆಗೆ ಅಕ್ಕಿ ತಲುಪಿದಾಗ, ನಮ್ಮ ಧರ್ಮಕೇಂದ್ರವೇ ಸೇವಾಸಂಸ್ಥೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಧರ್ಮಸಭಾ ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಒಂದು ಉದ್ದೇಶಕ್ಕಾಗಿ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1267ನೆಯ ವಿಧಿಯೂ, ವಿಶ್ವಾಸಿಗಳು ಅರ್ಪಿಸಿದುದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದು 1287ನೆಯ ವಿಧಿಯೂ ಹೇಳುತ್ತವೆ. ಲೆಕ್ಕವನ್ನು ಓದಿ ಹೇಳುವ ಭಾನುವಾರ ಅದನ್ನು ಕಿವಿಗೊಟ್ಟು ಕೇಳುವುದು ವಿಚಾರಣಾ ಗುರುಗಳನ್ನು ಶಂಕಿಸಿದಂತಲ್ಲ. ಅವರ ಭಾರವನ್ನು ಹಂಚಿಕೊಂಡಂತೆ.

ಇದಕ್ಕಿಂತಲೂ ಕಠಿಣವಾದ ಕರ್ತವ್ಯವೊಂದುಂಟು. ನೆರವು ಪಡೆಯುವವರು ನಮ್ಮ ಸಮಿತಿಗಳಲ್ಲಿ ಕುಳಿತಿರುವರೇ? ಏನು ಬೇಕೆಂದು ಅವರನ್ನು ಕೇಳಿದ್ದೇವೆಯೇ? ಕಂಬಳಿ ಕೊಡುವಾಗ ಅವರನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಯುವುದನ್ನು ಬಿಟ್ಟಿದ್ದೇವೆಯೇ? ದೇವಾಲಯದ ಗೋಡೆಯ ಮೇಲಿನ ಫಲಕದಲ್ಲಿ ದೊಡ್ಡ ಮೊತ್ತ ಕೊಟ್ಟವರ ಹೆಸರಿದೆ. ಕಲ್ಲು ಹೊತ್ತವರ, ಗಾರೆ ಕಲಸಿದವರ, ಹಿಡಿ ಅಕ್ಕಿ ತೆಗೆದಿಟ್ಟ ತಾಯಂದಿರ ಹೆಸರೆಲ್ಲಿದೆ? ಯೇಸುಸ್ವಾಮಿ ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಧನಿಕರ ಹೊನ್ನನ್ನು ಬಿಟ್ಟು ಬಡ ವಿಧವೆಯ ಎರಡು ಕಾಸನ್ನು ಎಣಿಸಿದರು. ಆ ಲೆಕ್ಕವನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಕೊಟ್ಟವನು ಲೆಕ್ಕ ಕೇಳಲಿ, ವಿಧೇಯತೆಯನ್ನು ಕೇಳದಿರಲಿ. ಪಡೆದವನು ಲೆಕ್ಕ ಕೊಡಲಿ, ಮಾನವನ್ನು ಕೊಡದಿರಲಿ. ಜೆರುಸಲೇಮಿನಿಂದ ಲಿಯೋನಿಗೆ, ಲಿಯೋನಿನಿಂದ ಮೈಸೂರಿಗೆ ಹರಿದು ಬಂದ ಈ ಧರ್ಮದ ಹೊಳೆ ನಮ್ಮ ಅಂಗಳದಲ್ಲಿ ನಿಂತ ನೀರಾಗದೆ, ಮುಂದಿನ ಶತಮಾನದಲ್ಲಿ ನಮ್ಮಿಂದ ಇನ್ನೊಂದು ಬಡ ಧರ್ಮಕೇಂದ್ರದ ಕಡೆಗೆ, ಮತಭೇದವಿಲ್ಲದೆ ಪಕ್ಕದ ಕೇರಿಯ ಬಡಮನೆಗಳ ಕಡೆಗೆ ಹರಿಯಲಿ. ಹಾಗೆ ಕೊಡುವ ಶಕ್ತಿಯನ್ನೂ, ಅಗತ್ಯ ಬಿದ್ದಾಗ ತಲೆತಗ್ಗಿಸದೆ ಪಡೆಯುವ ವಿನಯವನ್ನೂ ದಯಾಮಯರಾದ ದೇವರು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸೋಣ.